ಮೈಕ್ ಇಲ್ಲದ ಆ ಒಂದು ಗಂಟೆ ಎಲ್ಲಿ, ಅಧ್ಯಕ್ಷರೆ?

ಸರ್ಕಾರ ನಡೆಸಿದ ಮಕ್ಕಳ ಹಬ್ಬದ ಸಂಘಟನಾ ಸಮಿತಿಯ ಅಧ್ಯಕ್ಷರಿಗೆ,



ಹಬ್ಬ ಮುಗಿಯಿತು, ಪೆಂಡಾಲ್ ಬಿಚ್ಚಿದ್ದಾಯಿತು, ತಮ್ಮ ಫೋಟೊ ಪತ್ರಿಕೆಗಳಲ್ಲಿ ಬಂದದ್ದೂ ಆಯಿತು. ನಡೆದದ್ದು ಊರಿಗೆಲ್ಲ ಗೊತ್ತು, ಹಾಗಾಗಿ ಚುಟುಕಾಗಿ ಹೇಳಿದರೆ ಸಾಕು. ಪೂರ್ವಭಾವಿ ಸಭೆಯಲ್ಲಿ ಆಟಿಸಂ ಇರುವ ಮಕ್ಕಳ ಪೋಷಕರು ಒಂದು ಮನವಿ ಕೊಟ್ಟರು. ತಾವು ಓದಿದಿರಿ, ತಲೆಯಾಡಿಸಿದಿರಿ, ಭಾನುವಾರ ಬೆಳಗ್ಗೆ ಒಂಬತ್ತರಿಂದ ಹತ್ತರವರೆಗೆ ಮೈದಾನದಲ್ಲಿ ಮೈಕ್ ಹಾಕುವುದಿಲ್ಲವೆಂದು ಎಲ್ಲರೆದುರು ಮಾತು ಕೊಟ್ಟಿರಿ. ಚಪ್ಪಾಳೆಯೂ ಬಿತ್ತು. ಆ ಮಾತು ನಂಬಿ ಬಂದ ಕುಟುಂಬಗಳು ಇನ್ನೂ ಗೇಟು ದಾಟಿ ಒಳಗೆ ಕಾಲಿಡುತ್ತಿದ್ದ ಹಾಗೇ ನಾಲ್ಕೂ ಮೂಲೆಯ ಸ್ಪೀಕರುಗಳು ‘ಹಲೋ, ಹಲೋ, ಮೈಕ್ ಚೆಕ್’ ಎಂದು ಗರ್ಜಿಸಿದವು. ಮಧ್ಯಾಹ್ನದ ಸಭಾ ಕಾರ್ಯಕ್ರಮಕ್ಕೆ ಅದು ತಾಲೀಮಂತೆ!

ಎಂಟು ವರ್ಷದ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡು ಗೊಂಬೆಯಾಟದ ಮಳಿಗೆಯ ಮುಂದೆ ಕುಸಿದು ಕೂತ. ಗೊಂಬೆಯಾಟ ನೋಡಬೇಕೆಂದೇ ಬಂದಿದ್ದವನು ಅವನು. ಯಾವ ಗೇಟು, ಯಾವ ಮಳಿಗೆ, ಆಮೇಲೆ ಯಾವ ಬಸ್ಸು ಎಂದು ತಾಯಿ ಚಿತ್ರ ಬರೆದು ತೋರಿಸಿ ತೋರಿಸಿ ಅವನನ್ನು ಅಣಿಮಾಡಿದ್ದರು. ಆ ಚಿತ್ರಗಳಲ್ಲಿ ಮೈಕ್ ಇರಲಿಲ್ಲ. ಇರುವುದಿಲ್ಲ ಎಂದವರು ತಾವು. ಅವನ ಕಿರುಚಾಟ ಕೇಳಿ ಬ್ಯಾಡ್ಜ್ ಹಾಕಿದ ಸ್ವಯಂಸೇವಕನೊಬ್ಬ ಓಡಿ ಬಂದ. ಸ್ಪೀಕರ್ ಆರಿಸುವುದಕ್ಕಲ್ಲ. ‘ಮೇಡಂ, ಮಗೂನ ಸ್ವಲ್ಪ ಹೊರಗೆ ಕರ್ಕೊಂಡ್ ಹೋಗಿ, ಬೇರೆ ಮಕ್ಕಳಿಗೆ ತೊಂದರೆ ಆಗ್ತಿದೆ’ ಎನ್ನುವುದಕ್ಕೆ. ಚಿತ್ರಕಲಾ ಸ್ಪರ್ಧೆಗೆ ಹೆಸರು ಕೊಟ್ಟಿದ್ದ ಅವನ ಅಕ್ಕ ಬಣ್ಣದ ಪೆಟ್ಟಿಗೆ ಎತ್ತಿಕೊಂಡು ಅವರ ಹಿಂದೆಯೇ ಹೊರಟಳು. ಆ ಹುಡುಗಿಗೆ ಯಾವ ಅಂಗವೈಕಲ್ಯವೂ ಇಲ್ಲ. ಆದರೂ ಹಬ್ಬ ಅವಳಿಗೂ ತಪ್ಪಿತು.

ಪೋಷಕರು ಮೊದಲಿಗೆ ಬೀದಿಗಿಳಿಯಲಿಲ್ಲ, ಪತ್ರಿಕೆಗೂ ಹೋಗಲಿಲ್ಲ. ತಮ್ಮ ಕಚೇರಿಗೆ ಬಂದರು, ಅರ್ಜಿ ಕೊಟ್ಟರು, ಹೊರಗಿನ ಬೆಂಚಿನ ಮೇಲೆ ಕಾದರು. ‘ಮುಂದಿನ ಸಲ ನೋಡೋಣ’ ಎಂಬ ಉತ್ತರ ಸಿಕ್ಕಿತು. ಅದರ ಬೆನ್ನಿಗೇ ಒಂದು ಆಹ್ವಾನ: ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಯಲ್ಲಿ ‘ವಿಶೇಷ ಮಕ್ಕಳ ತಾಯಂದಿರಿಗೆ’ ಸನ್ಮಾನ. ಅವರು ಕೇಳಿದ್ದು ಒಂದು ಗಂಟೆಯ ನಿಶ್ಶಬ್ದ. ತಾವು ಕೊಡಲು ಹೊರಟದ್ದು ಶಾಲು, ಹಾರ, ಹಣ್ಣಿನ ಬುಟ್ಟಿ. ಅದೂ ಮೈಕಿನಲ್ಲಿ ಹೆಸರು ಕೂಗಿ.

ಸದ್ದು ಅಂದರೆ ಈ ಮಕ್ಕಳಿಗೆ ಅಷ್ಟೇಕೆ ಕಷ್ಟ ಎಂದು ತಮ್ಮ ಸಮಿತಿಯ ಸದಸ್ಯರೊಬ್ಬರು ನಕ್ಕರಂತೆ. ಅದು ಹಟವೂ ಅಲ್ಲ, ಅಶಿಸ್ತೂ ಅಲ್ಲ. ಬೇರೆಯವರ ಮಿದುಳು ತಾನೇ ತಾನಾಗಿ ಹಿನ್ನೆಲೆಗೆ ತಳ್ಳಿಬಿಡುವ ಸದ್ದು, ಬೆಳಕು, ನೂಕುನುಗ್ಗಲುಗಳು ಆಟಿಸಂ ಇರುವ ಅನೇಕ ಮಕ್ಕಳ ಮೇಲೆ ಒಟ್ಟಿಗೇ, ಪೂರ್ತಿ ಬಲದಿಂದ ಬಂದೆರಗುತ್ತವೆ. ಇದು ಸರ್ಕಾರಕ್ಕೆ ತಿಳಿಯದ್ದೇನೂ ಅಲ್ಲ. ಆಟಿಸಂ ಪ್ರಮಾಣಪತ್ರ ಕೊಡುವಾಗ ಬಳಸುವ ‘ಐಸಾ’ ಎಂಬ ಭಾರತೀಯ ಮಾಪನದಲ್ಲಿ 40 ಅಂಶಗಳಿವೆ. ಇಂದ್ರಿಯಗಳಿಗೆ ಸಂಬಂಧಿಸಿದ್ದೇ ಅದರಲ್ಲೊಂದು ವಿಭಾಗ. ಮಗುವಿಗೆ ಸದ್ದು ತಡೆಯಲಾಗದು ಎಂಬುದನ್ನು ಅಳೆದು, ಅಂಕ ಹಾಕಿ, ಮೊಹರು ಒತ್ತಿ ಕೊಡುವುದೂ ಸರ್ಕಾರವೇ. ಆ ಕಾಗದ ಹಿಡಿದು ಬಂದವನ ಕಿವಿಗೆ ಸ್ಪೀಕರ್ ಇಡುವುದೂ ಅದೇ!

ಆ ತಾಯಂದಿರು ಕೇಳಿದ್ದು ಲೋಕದಲ್ಲಿಲ್ಲದ್ದನ್ನೇನೂ ಅಲ್ಲ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 2011ರ ಅಕ್ಟೋಬರಿನಲ್ಲಿ ‘ದ ಲಯನ್ ಕಿಂಗ್’ ನಾಟಕದ ಒಂದು ಪ್ರದರ್ಶನವನ್ನು ಆಟಿಸಂ ಇರುವವರಿಗೂ ಅವರ ಮನೆಯವರಿಗೂ ಮೀಸಲಿಟ್ಟರು. ಅಬ್ಬರದ ಸದ್ದು ತಗ್ಗಿಸಿದರು, ಕಣ್ಣಿಗೆ ಹೊಡೆಯುವ ದೀಪ ಆರಿಸಿದರು, ಸಾಕೆನಿಸಿದವರಿಗೆ ಎದ್ದು ಹೋಗಿ ಕೂರಲು ಸದ್ದಿಲ್ಲದ ಮೂಲೆಯೊಂದನ್ನು ಮಾಡಿಕೊಟ್ಟರು. ಕಥೆಯೂ ಹಾಡೂ ಹಾಗೆಯೇ ಉಳಿದವು. ಬ್ರಿಟನ್ನಿನ ಮಾರಿಸನ್ಸ್ ಅಂಗಡಿಗಳು 2018ರಲ್ಲಿ ಶನಿವಾರ ಬೆಳಗ್ಗೆ ಇಂಥದೇ ಒಂದು ಗಂಟೆ ಶುರುಮಾಡಿದವು. ಸಂಗೀತವಿಲ್ಲ, ಧ್ವನಿವರ್ಧಕದ ಪ್ರಕಟಣೆಯಿಲ್ಲ, ದೀಪ ಮಂದ. ವೇಳೆ? ಅದೇ ಒಂಬತ್ತರಿಂದ ಹತ್ತು. ತರಕಾರಿ, ಬ್ರೆಡ್ಡು ಮಾರುವವರಿಂದ ಸಾಧ್ಯವಾದದ್ದು ಮಕ್ಕಳ ಹಬ್ಬ ಮಾಡುವವರಿಂದ ಆಗಲಿಲ್ಲ.

ಅಷ್ಟು ದೂರ ಏಕೆ? ಬೆಂಗಳೂರಿನಲ್ಲಿ ಪೋಷಕರೇ ಕಟ್ಟಿದ ‘ಕಿಲಿಕಿಲಿ’ ಸಂಸ್ಥೆ ನಗರಪಾಲಿಕೆಯ ಜೊತೆ ಕೂಡಿ ಕೋಲ್ಸ್ ಪಾರ್ಕಿನಂಥ ಸಾರ್ವಜನಿಕ ಉದ್ಯಾನಗಳಲ್ಲಿ ಎಲ್ಲ ಮಕ್ಕಳೂ ಕೂಡಿ ಆಡುವ ಜಾಗ ಮಾಡಿತು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕಣ್ಣಿಗೆ ಕಾಣದ ವೈಕಲ್ಯ ಇರುವವರು ಸೂರ್ಯಕಾಂತಿ ಚಿತ್ರದ ಪಟ್ಟಿ ಕೊರಳಿಗೆ ಹಾಕಿಕೊಂಡರೆ ಸಿಬ್ಬಂದಿ ಗುರುತಿಸಿ ನೆರವಿಗೆ ಬರುತ್ತಾರೆ. ಟಿಕೆಟ್ ಕೊಂಡು ಹಾರುವವರಿಗೆ ಸಿಗುವ ಈ ಮರ್ಯಾದೆ ಊರ ಮೈದಾನಕ್ಕೆ ನಡೆದು ಬರುವವರಿಗೆ ಯಾಕಿಲ್ಲ?

ತಾವು ಅಧಿಕಾರಿಗಳು, ಕಾನೂನಿನ ಮಾತು ತಮಗೆ ಹೆಚ್ಚು ಚೆನ್ನಾಗಿ ತಿಳಿಯುತ್ತದೆ. 1995ರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿತು, ಆಟಿಸಂ ಅವುಗಳಲ್ಲೊಂದು. ಸಾಂಸ್ಕೃತಿಕ ಬದುಕಿನಲ್ಲೂ ಮನರಂಜನೆಯಲ್ಲೂ ಇವರು ಉಳಿದವರಿಗೆ ಸಮನಾಗಿ ಪಾಲ್ಗೊಳ್ಳುವಂತೆ ಸರ್ಕಾರವೂ ಸ್ಥಳೀಯ ಸಂಸ್ಥೆಗಳೂ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ ಅದರ 29ನೇ ಸೆಕ್ಷನ್. ದಯೆ ತೋರಿಸಿ ಎಂದಲ್ಲ, ಕ್ರಮ ಕೈಗೊಳ್ಳಬೇಕು ಎಂದು. ಇನ್ನು 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು. ಅಂದರೆ ಸ್ಪೀಕರಿಗೆ ಕಾಗದ ಬೇಕಿತ್ತು, ಮಕ್ಕಳಿಗೆ ಬಾಯಿಮಾತು ಸಾಕಾಯಿತು.

ತಮ್ಮೊಬ್ಬರನ್ನೇ ದೂರಿದರೆ ಅನ್ಯಾಯವಾದೀತು. ವಾರ್ಷಿಕೋತ್ಸವದ ದಿನ ‘ಅವನನ್ನು ಮನೆಯಲ್ಲೇ ಇರಿಸಿಕೊಳ್ಳಿ’ ಎಂದು ಫೋನ್ ಮಾಡುವ ಶಾಲೆಗಳಿವೆ. ಕಲ್ಯಾಣಮಂಟಪದಲ್ಲಿ ಮಗು ಜಿಗಿದಾಡಿದರೆ ತಾಯಿಯ ಕಡೆ ತಿರುಗುವ ನೂರು ಕಣ್ಣುಗಳಿವೆ. ಜಾತ್ರೆಗೆ ಡಿಜೆ, ಗಣೇಶನಿಗೆ ಡಿಜೆ, ಕೊನೆಗೆ ಯೋಗ ದಿನಕ್ಕೂ ಸ್ಪೀಕರ್! ಈ ಮನೆಗಳ ಕ್ಯಾಲೆಂಡರಿನಲ್ಲಿ ಹಬ್ಬಗಳೆಂದರೆ ಬಾಗಿಲು ಹಾಕಿಕೊಂಡು ಒಳಗಿರಬೇಕಾದ ದಿನಗಳು. ಏಪ್ರಿಲ್ 2 ಬಂದರೆ ಮಾತ್ರ ಕಟ್ಟಡಗಳಿಗೆ ನೀಲಿ ದೀಪ, ಭಾಷಣ, ಸೆಲ್ಫಿ.

ಆದರೆ ಶಾಲೆಗಳು ಮಾತು ಕೊಟ್ಟಿರಲಿಲ್ಲ, ಕಲ್ಯಾಣಮಂಟಪದವರೂ ಕೊಟ್ಟಿರಲಿಲ್ಲ. ಮಾತು ಕೊಟ್ಟವರು ತಾವು. ಮೈಕ್ ಆರಿಸಲು ಅನುದಾನ ಬೇಡ, ಟೆಂಡರ್ ಬೇಡ, ಸಮಿತಿಯ ನಿರ್ಣಯವೂ ಬೇಡ. ಅಲ್ಲಿ ನಿಂತಿದ್ದ ಸೌಂಡ್ ಹುಡುಗನಿಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳುವ ಜವಾಬ್ದಾರಿ ಯಾರದೆಂದೇ ತಾವು ಗೊತ್ತುಮಾಡಿರಲಿಲ್ಲ.

ಡಿಸೆಂಬರ್ 3ರ ಸನ್ಮಾನಕ್ಕೆ ಆ ತಾಯಂದಿರು ಬರುವುದಿಲ್ಲ, ಶಾಲು ತಮ್ಮಲ್ಲೇ ಇರಲಿ. ಮುಂದಿನ ಹಬ್ಬದ ಆಮಂತ್ರಣ ಅಚ್ಚಾಗುವಾಗ ಮೈಕ್ ಇಲ್ಲದ ಗಂಟೆಯೂ, ಅದನ್ನು ಪಾಲಿಸಬೇಕಾದವರ ಹೆಸರೂ ಅದರಲ್ಲಿ ಇರಬೇಕು. ದಣಿದ ಮಗು ಕೂರಲು ಒಂದು ಕೋಣೆ ಬೇಕು. ಮಗುವನ್ನು ಹೊರಗೆ ಕಳಿಸುವುದು ಅವರ ಕೆಲಸವಲ್ಲ ಎಂದು ಸ್ವಯಂಸೇವಕರಿಗೆ ಮೊದಲೇ ತಿಳಿಸಿರಬೇಕು. ಕ್ಷಮೆ ಕೇಳುವುದಾದರೆ ಆ ಹುಡುಗನ ಅಕ್ಕನನ್ನೂ ಕೇಳಿ. ಈ ಪತ್ರಕ್ಕೆ ಲಿಖಿತ ಉತ್ತರ ಬಾರದೆ ಹೋದರೆ, ಪೋಷಕರ ದೂರು ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರ ಮುಂದೆ ಹೋಗುತ್ತದೆ.