ಒಲ್ಲೆನೆಂಬ ಮಾತು

ಸೊಲ್ಲಾಪುರದ ನವಿ ಪೇಠಕ್ಕೆ ಬಟ್ಟೆ ಕೊಳ್ಳಲು ಹೋದ ಕನ್ನಡ ತಾಯಿಯೊಬ್ಬಳು ಒಂದೇ ಸಂಜೆಯಲ್ಲಿ ಎಷ್ಟು ಭಾಷೆಗಳಲ್ಲಿ ನಿರಾಕರಿಸುತ್ತಾಳೆಂಬುದನ್ನು ಎಣಿಸಿದರೆ ಸೋಜಿಗವೆನಿಸುತ್ತದೆ. ಅಂಗಡಿಯವನು ಮತ್ತೊಂದು ಸೀರೆ ಬಿಚ್ಚಿದರೆ ಮರಾಠಿಯ ‘ನಕೋ’. ಹಣ್ಣಿನ ಗಾಡಿಯವನಿಗೆ ದಖನಿಯ ‘ನಕ್ಕೋ’. ಪರಿಚಯದ ತೆಲುಗು ನೇಕಾರ ಮನೆತನದವರು ಚಹಾಕ್ಕೆ ಕರೆದರೆ ‘ವದ್ದು’. ಐಸ್‌ಕ್ರೀಮಿಗೆ ಕೈ ತೋರಿದ ಮಗನಿಗೆ ‘ಬ್ಯಾಡ’.

ಕನ್ನಡದಲ್ಲಿ ‘ಬೇಡ’ ಮಾತ್ರವಲ್ಲದೆ ‘ಒಲ್ಲೆ’ ಎಂಬುದೂ ಇದೆ. ‘ಬೇಡ’ವು ಯಾರು ಹೇಳಿದರೂ ಒಂದೇ. ‘ಒಲ್ಲೆ’ಯಲ್ಲಾದರೋ ಹೇಳುವವನೇ ಅಡಗಿದ್ದಾನೆ: ನಾನು ಒಲ್ಲೆ, ಅವಳು ಒಲ್ಲಳು, ಅವರು ಒಲ್ಲರು, ಅದು ಒಲ್ಲದು. ‘ಇಲ್ಲ’ ಎಂಬ ಪದದ ಹಂಗಿಲ್ಲದೆ ಧಾತುವಿಗೇ ಪ್ರತ್ಯಯ ಹಚ್ಚಿ ನಿಷೇಧವನ್ನು ಹೇಳುವ ಹಳಗನ್ನಡದ ಕ್ರಮವಿದು. ಅರಿಯೆ, ಕೊಡೆ ಎಂಬವೂ ಇದೇ ಕುಲದವು. ಅಕ್ಕಲಕೋಟೆಯ ಕಡೆಯ ಆಡುನುಡಿಯಲ್ಲಿ ಇದಿನ್ನೂ ಜೀವಂತವಾಗಿದೆ. ಕೂಸು ‘ಉಣವಲ್ದು’, ಮಳೆ ‘ಬರವಲ್ದು’, ಕಿಕ್ ಹೊಡೆದು ಕಾಲು ಸೋತರೂ ಮೋಟರ್ ಸೈಕಲ್ಲು ‘ಚಾಲೂ ಆಗವಲ್ದು’. ಯಂತ್ರಕ್ಕೂ ಒಂದು ಮನಸ್ಸಿದೆಯೆಂದು ಬಗೆಯುವ ಈ ಔದಾರ್ಯವನ್ನು ವ್ಯಾಕರಣದ ತಪ್ಪೆಂದು ಶಾಲೆಯಲ್ಲಿ ತಿದ್ದಬಾರದು.

ಒಲವು ಹುಟ್ಟಿದ ಧಾತುವಿನಿಂದಲೇ ಒಲ್ಲೆ ಹುಟ್ಟಿದೆ. ಜರ್ಮನ್ ಭಾಷೆಯಲ್ಲಿ ಗೆಳೆಯನ ಸಲಹೆಯೊಂದನ್ನು ಹಗುರವಾಗಿ ತಳ್ಳಿಹಾಕುವಾಗ ‘ಲೀಬರ್ ನಿಷ್ಟ್’ ಎನ್ನುತ್ತಾರೆ. ಅಲ್ಲಿಯೂ ‘ಲೀಬ್’ ಎಂದರೆ ಪ್ರಿಯ. ಇನ್ನೂ ಸಲಿಗೆಯಿದ್ದರೆ ‘ಆಖ್ ನೇ, ಲಾಸ್ ಮಾಲ್’ ಎಂಬ ಮಾತು. ನಮ್ಮ ‘ಇರ್ಲಿ ಬಿಡ್ರಿ’ಗೆ ಇದಕ್ಕಿಂತ ಹತ್ತಿರದ ನೆಂಟನಿಲ್ಲ. ಜರ್ಮನಿಯಿಂದ ಬಂದು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕನ್ನಡ ನಿಘಂಟನ್ನು ರಚಿಸಿದ ಫರ್ಡಿನಾಂಡ್ ಕಿಟೆಲ್ಲರಿಗೆ ಈ ಹೋಲಿಕೆ ಹೊಳೆದಿರಲೂಬಹುದು. ಆದರೆ ಅಲ್ಲಿ ಒಂದು ತೊಡಕುಂಟು. ಊಟಕ್ಕೆ ಬಡಿಸಲು ಬಂದವರಿಗೆ ಬರಿದೆ ‘ಡಾಂಕೆ’, ಅಂದರೆ ಧನ್ಯವಾದ, ಎಂದರೆ ಸಾಕೆಂದೇ ಅರ್ಥ; ಪಾತ್ರೆ ಮುಂದಕ್ಕೆ ಸಾಗುತ್ತದೆ. ಮೂರು ಸಲ ಒತ್ತಾಯಿಸಿ ಬಡಿಸುವ ನಾಡಿನಿಂದ ಹೋದವನು ಹಸಿದೇ ಏಳಬೇಕಾದೀತು. ನಮ್ಮಲ್ಲಿ ಮೊದಲ ‘ಬ್ಯಾಡ್ರಿ’ ಮರ್ಯಾದೆಯದು, ಎರಡನೆಯದು ಸಂಕೋಚದ್ದು. ಮೂರನೆಯದನ್ನು ಮಾತ್ರ ನಂಬಬೇಕು.

ಉಪ್ಪಿಟ್ಟಿನ ವಿಷಯದಲ್ಲಿ ಇದು ಸೊಗಸು. ಬೇರೆಡೆ ಇದೇ ದಾಕ್ಷಿಣ್ಯವು ದುಬಾರಿಯಾಗುತ್ತದೆ. ‘ಮಗಳನ್ನು ಇಂಗ್ಲಿಷ್ ಶಾಲೆಗೆ ಹಾಕಿಬಿಡಿರಿ’ ಎಂದು ಮದುವೆಯ ಪಂಕ್ತಿಯಲ್ಲಿ ಬೀಗರು ಹೇಳುತ್ತಾರೆ. ಕನ್ನಡ ಶಾಲೆಯೇ ಇರಲೆಂದು ನಿಶ್ಚಯಿಸಿದ ತಂದೆ ‘ನೋಡೂಣ್ರಿ’ ಎನ್ನುತ್ತಾನೆ. ಅವನ ಮಟ್ಟಿಗೆ ಅದು ನಿರಾಕರಣೆ. ಕೇಳಿದವರ ಮಟ್ಟಿಗೆ ಅರ್ಧ ಒಪ್ಪಿಗೆ. ಜೂನ್ ಬರುವಷ್ಟರಲ್ಲಿ ಪ್ರವೇಶದ ಅರ್ಜಿಯನ್ನೇ ಯಾರೋ ತಂದುಕೊಡುತ್ತಾರೆ.

ಮೌನವೇ ಸಮ್ಮತಿಯೆಂಬುದು ಲೋಕರೂಢಿ, ಕಾಯಿದೆ ಹಾಗೆನ್ನುವುದಿಲ್ಲ. 1862ರ ಇಂಗ್ಲೆಂಡಿನ ಫೆಲ್ಟ್‌ಹೌಸ್ ಮೊಕದ್ದಮೆಯಲ್ಲಿ, ‘ಉತ್ತರ ಬಾರದಿದ್ದರೆ ಕುದುರೆ ನನ್ನದೆಂದು ತಿಳಿಯುವೆ’ ಎಂದು ಬರೆದವನಿಗೆ ಕುದುರೆ ದಕ್ಕಲಿಲ್ಲ. ನಮ್ಮ 1872ರ ಕರಾರು ಕಾಯಿದೆಯ 7ನೆಯ ಕಲಮಿನಂತೆಯೂ ಒಪ್ಪಿಗೆಯು ಪೂರ್ಣವೂ ನಿಶ್ಶರ್ತವೂ ಆಗಿರಬೇಕು. ಶಾಲೆಯ ಆಯ್ಕೆ ಕರಾರಲ್ಲ, ನಿಜ. ಆದರೆ ಪ್ರಾಥಮಿಕ ಹಂತದ ಕಲಿಕೆಯ ಮಾಧ್ಯಮವನ್ನು ಆರಿಸುವ ಹಕ್ಕು ಮಗುವಿನದು, ಮಗುವಿನ ಪರವಾಗಿ ತಂದೆತಾಯಿಗಳದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2014ರಲ್ಲಿ ಕರ್ನಾಟಕದ ಪ್ರಕರಣವೊಂದರಲ್ಲಿ ಹೇಳಿತು. ಕರ್ನಾಟಕದಲ್ಲಿ ಆ ತೀರ್ಪಿಗೆ ಕನ್ನಡದ ಸೋಲೆಂಬ ಹೆಸರು ಬಂತು. ಗಡಿಯ ಈಚೆ ಅದೇ ತೀರ್ಪು ಕನ್ನಡ ಶಾಲೆಯನ್ನು ಆರಿಸಿದವರ ಬೆನ್ನಿಗೂ ನಿಲ್ಲುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಒದಗಿಸಲು ರಾಜ್ಯವು ಯತ್ನಿಸಬೇಕೆಂಬ 350-ಎ ಅನುಚ್ಛೇದವು 1956ರಿಂದಲೂ ಸಂವಿಧಾನದಲ್ಲಿದೆ.

ಬೀಗರಿಗೆ ಇಷ್ಟೆಲ್ಲ ಹೇಳುವ ಅಗತ್ಯವಿಲ್ಲ. ‘ಒಲ್ಲೆವ್ರೀ, ನಮ್ಮ ಸಾಲೀನ ಇರ್ಲಿ’ ಎಂದು ನಗುತ್ತ ಹೇಳಿ, ಶೇಂಗಾ ಹೋಳಿಗೆಯ ತಟ್ಟೆಯನ್ನು ಅವರ ಕಡೆಗೆ ಸರಿಸಬಹುದು. ಅವರು ‘ಬ್ಯಾಡ’ ಎಂದರೆ ಇನ್ನೆರಡು ಸಲ ಕೇಳಬೇಕು.