ತಂಗಳಿನ ಪರವಾಗಿ ಒಂದು ವಕಾಲತ್ತು

ಹೋದ ಚಳಿಗಾಲದಲ್ಲಿ ಧಾರವಾಡದ ನಮ್ಮ ಕಾಲನಿಯ ಮಹಿಳಾ ಮಂಡಲದವರು 'ಇಟಲಿಯ ಅಡುಗೆ' ಎಂದು ಒಂದು ದಿನದ ತರಗತಿ ಏರ್ಪಡಿಸಿದ್ದರು. ಕಲಿಸಲು ಬಂದಾಕೆ ಚುರುಕಿನ ಹೆಣ್ಣುಮಗಳು. ಮೊದಲ ಪಾಠವೇ ಫ್ರಿಟಾಟ. ಬೋರ್ಡಿನ ಮೇಲೆ ಸಾಮಾನಿನ ಯಾದಿ ಬರೆದಳು: ತತ್ತಿ ಆರು, ಕ್ರೀಮ್ ಅರ್ಧ ಬಟ್ಟಲು, ಬ್ರೊಕೊಲಿ, ಅಣಬೆ, ಚೆರ್ರಿ ಟೊಮೆಟೊ, ಕೆಂಪು ಮತ್ತು ಹಳದಿ ದೊಣ್ಣೆ ಮೆಣಸಿನಕಾಯಿ, ಪರದೇಶದ ಎರಡು ಥರದ ಚೀಸು. ಕೊನೆಗೆ, ಅಡಿಗೆರೆ ಎಳೆದು, ಓವನ್ನು. ನನ್ನ ಪಕ್ಕದಲ್ಲಿ ಕೂತಿದ್ದಾಕೆ ಬೆರಳು ಮಡಿಚಿ ಲೆಕ್ಕ ಹಾಕಿ, "ಏನಿಲ್ಲಂದ್ರೂ ಎಂಟುನೂರು ರೂಪಾಯಿ ಆತ್ರೀ" ಎಂದು ನಿಟ್ಟುಸಿರು ಬಿಟ್ಟಳು.

ನಾನು ಸುಮ್ಮನಿರಬಹುದಾಗಿತ್ತು. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವಳಿಗೆ ಸುಮ್ಮನಿರುವ ರೂಢಿ ಇಲ್ಲ. ಎದ್ದು ನಿಂತು, "ಮುಂಜಾನೆ ಉಳಿದ ಶಾವಿಗಿ ಉಪ್ಪಿಟ್ಟು ಹಾಕಿದ್ರ ಆಗೂದಿಲ್ಲೇನ್ರಿ?" ಎಂದು ಕೇಳಿದೆ. ಆಕೆ ನಕ್ಕು, "ಆಂಟಿ, ಅದು ಫ್ರಿಟಾಟ ಆಗೋದಿಲ್ಲ, ತಂಗಳು ಆಮ್ಲೆಟ್ ಆಗ್ತದೆ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬರುವಷ್ಟರಲ್ಲಿ ನಗು ಹೋಗಿ ಸಿಟ್ಟು ಉಳಿದಿತ್ತು. ಈ ಪ್ರಬಂಧವನ್ನು ಆ ಉಳಿದ ಸಿಟ್ಟಿನಿಂದಲೇ ಮಾಡಿದ್ದೇನೆ.

ನಾನು ಫ್ರಿತ್ತಾತಾ ತಿಂದದ್ದು (ಅಲ್ಲಿಯವರ ಉಚ್ಚಾರ ಹೀಗೆ) ಹೊಟೇಲಿನಲ್ಲಲ್ಲ. 2014ರ ಫೆಬ್ರವರಿ ಕೊನೆಗೆ ಮಗಳ ಬಾಣಂತನಕ್ಕೆಂದು ಇಟಲಿಯ ಬೊಲೊನ್ಯಾಕ್ಕೆ ಹೋಗಿದ್ದೆ. ವೀಸಾ ಇದ್ದದ್ದು ಮೂರು ತಿಂಗಳಿಗೆ. ಜೊತೆಗೆ ಒಯ್ದ ಅಂಟಿನುಂಡಿಯ ಡಬ್ಬಿ ಒಂದೇ ತಿಂಗಳಲ್ಲಿ ಖಾಲಿಯಾಯಿತು. ಆಮೇಲೆ ನಮ್ಮನ್ನು ಸಲಹಿದವಳು ಎದುರು ಮನೆಯ ಎಂಬತ್ತು ದಾಟಿದ ಅಜ್ಜಿ. ನನಗೆ ಆಕೆಯ ಭಾಷೆ ಬಾರದು, ಆಕೆಗೆ ನನ್ನದು. ಇಬ್ಬರಿಗೂ ಅಡುಗೆಮನೆ ಬರುತ್ತಿತ್ತು. ವಾರಕ್ಕೊಮ್ಮೆ ತಾಟಿನ ಮೇಲೆ ಒಂದು ದುಂಡನೆಯ, ಎರಡು ಬೆರಳು ದಪ್ಪದ, ಹೊಂಬಣ್ಣದ ರೊಟ್ಟಿಯಂಥದನ್ನು ತಂದುಕೊಡುತ್ತಿದ್ದಳು. ಮೊದಲ ಸಲ ಒಳಗೆ ಉಳ್ಳಾಗಡ್ಡಿ ಇತ್ತು. ಎರಡನೆಯ ಸಲ ಬಟಾಟಿ. ಮೂರನೆಯ ಸಲ ನಮ್ಮ ಪಾಲಕದಂಥ ಸೊಪ್ಪು. ಏಪ್ರಿಲ್ ಬಂದಾಗ ಎಳೆಯ ಶತಾವರಿ ಕುಡಿ. ಒಂದು ದಿನವಂತೂ ಹಿಂದಿನ ರಾತ್ರಿ ಉಂಡು ಮಿಕ್ಕ ಸ್ಪಗೆಟ್ಟಿಯೇ ಒಳಗೆ ಸುರುಳಿ ಸುತ್ತಿಕೊಂಡು ಕೂತಿತ್ತು! ಪ್ರತಿ ಸಲ ಹೆಸರು ಕೇಳಿದರೂ ಉತ್ತರ ಒಂದೇ: ಫ್ರಿತ್ತಾತಾ.

"ಹಾಗಾದ್ರ ಇದಕ್ಕ ಏನೇನು ಹಾಕಬೇಕಂತ ಕೇಳವಾ" ಎಂದು ಮಗಳಿಗೆ ಹೇಳಿದೆ. ಅಜ್ಜಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ನನ್ನ ಕೈ ಹಿಡಿದು ತನ್ನ ಅಡುಗೆಮನೆಗೆ ಕರೆದೊಯ್ದು, ಫ್ರಿಜ್ಜಿನ ಬಾಗಿಲು ತೆರೆದು, ಒಳಗೆ ಬೊಟ್ಟು ಮಾಡಿ ತೋರಿಸಿದಳು. ಒಂದು ವಾಟಗದಲ್ಲಿ ನಾಲ್ಕು ಚಮಚೆ ಪಲ್ಯ, ಒಂದು ಅರ್ಧ ಉಳ್ಳಾಗಡ್ಡಿ, ಒಣಗಿದ ಚೀಸಿನ ತುಂಡು. ಅದೇ ಉತ್ತರ.

ನಾನು ಹೇಳಬೇಕೆಂದಿರುವುದೂ ಇಷ್ಟೇ. ಫ್ರಿತ್ತಾತಾದ ಹೂರಣ ಅಂಗಡಿಯಲ್ಲಿ ಹುಟ್ಟುವುದಿಲ್ಲ, ಮನೆಯಲ್ಲಿ ಹುಟ್ಟುತ್ತದೆ. ಹತ್ತು ಬಗೆಯ ಹೂರಣ ಎಂದರೆ ಹತ್ತು ಬಗೆಯ ಖರೀದಿ ಅಲ್ಲ. ಮನೆಯ ಹತ್ತು ಬೇರೆ ಬೇರೆ ದಿನಗಳು.

ಹೆಸರಿನಲ್ಲೇ ಸರಳತೆ ಇದೆ. ಇಟಾಲಿಯನ್‌ನಲ್ಲಿ ಫ್ರಿತ್ತಾತಾ ಎಂದರೆ ಕರಿದದ್ದು, ಹುರಿದದ್ದು, ಅಷ್ಟೆ. ಹಳೆಯ ಅಡುಗೆ ಪುಸ್ತಕಗಳಲ್ಲೂ ಅದಕ್ಕೆ ಹೆಚ್ಚಿನ ಠೀವಿ ಇಲ್ಲ. ಪೆಲ್ಲೆಗ್ರೀನೊ ಆರ್ತೂಸಿ ಎಂಬಾತ, ಮೂಲತಃ ಬೊಲೊನ್ಯಾದ ಸೀಮೆಯವನೇ, ರೇಷ್ಮೆ ವ್ಯಾಪಾರಿ. 1891ರಲ್ಲಿ ಫ್ಲಾರೆನ್ಸಿನಲ್ಲಿ ಕೈಯಿಂದ ಹಣ ಹಾಕಿ ಅಡುಗೆ ಪುಸ್ತಕವೊಂದನ್ನು ಅಚ್ಚು ಹಾಕಿಸಿದ. ಇವತ್ತಿಗೂ ಇಟಲಿಯ ಮನೆಮನೆಯಲ್ಲಿರುವ ಪುಸ್ತಕ ಅದು. ಅದರಲ್ಲಿ ಫ್ರಿತ್ತಾತಾ ಯಾರಿಗೆ ತಾನೇ ಬರುವುದಿಲ್ಲ ಎನ್ನುವ ಧಾಟಿಯಲ್ಲೇ ಮಾತು ಶುರುವಾಗುತ್ತದೆ. ತತ್ತಿಯನ್ನು ಅತಿಯಾಗಿ ಕಡೆಯಬೇಡಿ, ಬಿಳಿಯದೂ ಹಳದಿಯೂ ಒಂದಾದೊಡನೆ ನಿಲ್ಲಿಸಿ ಎನ್ನುತ್ತಾನೆ. ಕ್ರೀಮಿನ ಮಾತಿಲ್ಲದೆ ಈ ತಿನಿಸು ನಡೆದುಬಂದಿದೆ. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. 1911ರಲ್ಲಿ ತೀರಿಕೊಂಡ ಆರ್ತೂಸಿ ಆ ಪುಸ್ತಕದ ಹಕ್ಕನ್ನು ಬರೆದಿಟ್ಟುಹೋದದ್ದು ತನ್ನ ಮನೆಯಲ್ಲಿ ಅಡುಗೆ ಮಾಡುತ್ತಿದ್ದ ಇಬ್ಬರಿಗೆ: ಮರಿಯೆತ್ತಾ ಸಬತೀನಿ ಎಂಬ ಹೆಣ್ಣುಮಗಳು, ಫ್ರಾಂಚೆಸ್ಕೊ ರುಫಿಲ್ಲಿ ಎಂಬ ಗಂಡಸು. ಒಲೆಯ ಮುಂದೆ ನಿಂತವರು ಯಾರು ಎಂಬುದನ್ನು ಆತ ಮರೆತಿರಲಿಲ್ಲ.

ಇನ್ನು ಆ ಚೀಸು. ಅಜ್ಜಿಯೂ ಒಂದು ಹಿಡಿ ಪಾರ್ಮಿಜಾನೊ ತುರಿದು ಹಾಕುತ್ತಿದ್ದಳು, ನಿಜ. ಆದರೆ ಆ ಚೀಸು ಹುಟ್ಟುವುದೇ ಪಾರ್ಮಾ, ರೆಜ್ಜೊ ಎಮಿಲಿಯಾ, ಮೊದೆನಾ, ಬೊಲೊನ್ಯಾಗಳ ಆಸುಪಾಸಿನಲ್ಲಿ. ಆಕೆಗೆ ಅದು ನಮಗೆ ಗುರೆಳ್ಳು ಹಿಂಡಿ ಇದ್ದ ಹಾಗೆ. ಅದರ ಗಟ್ಟಿ ಸಿಪ್ಪೆಯನ್ನೂ ಚೆಲ್ಲದೆ ಸೂಪಿನಲ್ಲಿ ಕುದಿಸುತ್ತಿದ್ದಳು. ಧಾರವಾಡದಲ್ಲಿ ಕೂತು ಅದೇ ಚೀಸನ್ನು ಹುಡುಕಿ ತಂದರೆ ಆಕೆಯ ಸಾಮಾನನ್ನು ನಕಲು ಮಾಡಿದಂತಾಯಿತು, ಆಕೆಯ ಬುದ್ಧಿಯನ್ನಲ್ಲ. ಬುದ್ಧಿಗೆ ರೊಕ್ಕ ಬೇಡ; ಅದಕ್ಕೇ ಅದನ್ನು ಯಾವ ತರಗತಿಯಲ್ಲೂ ಮಾರುವುದಿಲ್ಲ.

ಹಾಗೆಂದು ಕಂಡದ್ದನ್ನೆಲ್ಲ ಸುರಿದು ಕಲಸಿದರೆ ಆಯಿತೆಂದು ನಾನು ಹೇಳುತ್ತಿಲ್ಲ. ಉಳಿದದ್ದನ್ನು ಬಳಸಲು ಹೊಸದನ್ನು ಬೇಯಿಸುವುದಕ್ಕಿಂತ ಹೆಚ್ಚು ಎಚ್ಚರ ಬೇಕು. ಮೊದಲ ಎಚ್ಚರ ನೀರಿನದು. ಹೀರೇಕಾಯಿ, ಅಣಬೆ, ಸೊಪ್ಪು ಎಲ್ಲವೂ ನೀರು ಬಿಡುತ್ತವೆ. ಆ ನೀರನ್ನು ಮೊದಲೇ ಒಲೆಯ ಮೇಲೆ ಆರಿಸಬೇಕು. ಇಲ್ಲದಿದ್ದರೆ ತತ್ತಿ ಒಂದು ಕಡೆ, ನೀರು ಒಂದು ಕಡೆ ಆಗಿ, ಕೊಯ್ದಾಗ ತಾಟೆಲ್ಲ ಒದ್ದೆ. ಎರಡನೆಯದು ಉರಿ. ತತ್ತಿಯ ಬಿಳಿಭಾಗ ಅರವತ್ತು ಡಿಗ್ರಿ ದಾಟಿದೊಡನೆ ಗಟ್ಟಿಯಾಗತೊಡಗುತ್ತದೆ, ಹಳದಿ ಅದಕ್ಕಿಂತ ಸ್ವಲ್ಪ ಮೇಲೆ. ಉರಿ ಜೋರಾದರೆ ತತ್ತಿ ಬಿಗಿದುಕೊಂಡು ತನ್ನೊಳಗಿನ ನೀರನ್ನು ತಾನೇ ಹಿಂಡಿ ಹಾಕಿ ರಬ್ಬರಾಗುತ್ತದೆ. ಅಂಗೈ ಒಂದೂವರೆಯಷ್ಟು ಅಗಲದ ದಪ್ಪ ತಳದ ಹಂಚಿಗೆ ಆರು ತತ್ತಿ, ಎರಡು ಬಟ್ಟಲು ಬೆಂದ ಹೂರಣ, ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ. ಅಂಚು ಬಿಟ್ಟುಕೊಂಡು ಮೇಲೆ ಇನ್ನೂ ತುಸು ಅಲುಗಾಡುವಾಗ ತಾಟನ್ನು ಬೋರಲು ಹಾಕಿ, ಗಟ್ಟಿಯಾಗಿ ಒತ್ತಿ ಹಿಡಿದು, ಮಗುಚಿ, ಮತ್ತೆ ಹಂಚಿಗೆ ಜಾರಿಸಬೇಕು. ಇನ್ನೆರಡು ನಿಮಿಷ ಸಾಕು. ಓವನ್ನು ಬೇಕಾದದ್ದು ಈ ಮಗುಚುವ ಧೈರ್ಯ ಇಲ್ಲದವರಿಗೆ ಮಾತ್ರ. ಇಪ್ಪತ್ತು ಜನರಿಗೆ ಮಾಡುವಾಗ ಅದರ ಉಪಯೋಗವುಂಟು, ಒಪ್ಪುತ್ತೇನೆ. ಆದರೆ ನಾಲ್ಕು ಜನರ ಮನೆಯಲ್ಲಿ ಅದನ್ನು ಕಡ್ಡಾಯ ಮಾಡಿ ಬೋರ್ಡಿನ ಮೇಲೆ ಗೆರೆ ಎಳೆಯುವುದನ್ನು ಒಪ್ಪಲಾರೆ.

ಊರಿಗೆ ಬಂದ ಮೇಲೆ ನಮ್ಮ ಅಡುಗೆಮನೆಯಲ್ಲಿ ಇದನ್ನು ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಮೆಂತ್ಯೆ ಪಲ್ಯ ತತ್ತಿಯೊಳಗೆ ಹೋದರೆ ಕಹಿ ಅರ್ಧಕ್ಕೆ ಇಳಿಯುತ್ತದೆ. ನುಗ್ಗೆಸೊಪ್ಪು ತತ್ತಿಯ ಹಳೆಯ ಗೆಳೆಯ. ಎಣ್ಣೆಗಾಯಿ ಉಳಿದರೆ ಅದರ ಗ್ರೇವಿ ಬತ್ತಿಸಿ, ಬದನೆಕಾಯಿಯನ್ನು ಚಮಚೆಯಿಂದ ಮುರಿದು ಹಾಕುತ್ತೇನೆ. ಬೇರೆ ಎಣ್ಣೆ ಬೇಕಾಗುವುದೇ ಇಲ್ಲ. ಪುಂಡಿಪಲ್ಯ ಹಾಕಿ ಒಮ್ಮೆ ಕೆಟ್ಟೆ. ಆ ಹುಳಿಗೂ ತತ್ತಿಗೂ ಕೂಡಿಬರಲಿಲ್ಲ. ಎಲ್ಲಕ್ಕಿಂತ ಚೆನ್ನಾಗಿ ಬರುವುದು, ತರಗತಿಯಲ್ಲಿ ನಗೆಪಾಟಲಾದ ಆ ಶಾವಿಗೆಯೇ. ನೇಪಲ್ಸಿನ ಜನ ಉಳಿದ ಸ್ಪಗೆಟ್ಟಿಯನ್ನು ಹೀಗೆಯೇ ತತ್ತಿಯಲ್ಲಿ ಕಟ್ಟಿ, ಹೋಳು ಮಾಡಿ, ಸಮುದ್ರದ ದಂಡೆಗೆ ಬುತ್ತಿ ಒಯ್ಯುತ್ತಾರೆ. ಶಾವಿಗೆ ಉಪ್ಪಿಟ್ಟಿಗೂ ಅದಕ್ಕೂ ಇರುವ ಅಂತರ ಒಗ್ಗರಣೆಯದು ಮಾತ್ರ. ಮೇಲೆ ಚೀಸಿನ ಬದಲು ಒಂದು ಚಮಚೆ ಗುರೆಳ್ಳು ಹಿಂಡಿ. ತತ್ತಿ ಮುಟ್ಟದವರು ಮುಖ ತಿರುಗಿಸಬೇಕಾಗಿಲ್ಲ; ಅದೇ ನೇಪಲ್ಸಿನಲ್ಲಿ ಉಪವಾಸದ ದಿನಗಳಿಗೆಂದು ತತ್ತಿಯೇ ಇಲ್ಲದ, ಬರೀ ಶಾವಿಗೆಯಂಥದನ್ನು ಆಲಿವ್ ಜೊತೆ ಹಂಚಿನ ಮೇಲೆ ಒತ್ತಿ ಕೆಂಪಗೆ ಹುರಿದ ಫ್ರಿತ್ತಾತಾ ಕೂಡ ಉಂಟು.

ಇಷ್ಟಕ್ಕೆ ನಿನಗೇಕೆ ಅಷ್ಟು ಸಿಟ್ಟು ಎಂದು ನನ್ನ ಯಜಮಾನರು ಕೇಳಿದರು. ಸಿಟ್ಟು ಬ್ರೊಕೊಲಿಯ ಮೇಲಲ್ಲ. ಆ ಹುಡುಗಿ 'ತಂಗಳು' ಎಂದಾಗ ಹೆಂಗಸರೆಲ್ಲ ನಕ್ಕರಲ್ಲ, ಅದರ ಮೇಲೆ. ಯಾಕೆಂದರೆ ಅಲ್ಲಿ ಕೂತಿದ್ದ ಪ್ರತಿಯೊಬ್ಬಳೂ ಮರುದಿನ ಮುಂಜಾನೆ, ಗಂಡ ಮಕ್ಕಳಿಗೆ ಬಿಸಿ ಉಪ್ಪಿಟ್ಟು ಬಡಿಸಿ, ಒಲೆಯ ಕಟ್ಟೆಗೆ ಒರಗಿ ನಿಂತು ರಾತ್ರಿಯ ಉಳಿದದ್ದನ್ನು ತಿನ್ನುವವಳೇ. ನನ್ನ ಅವ್ವ ಬದುಕಿನುದ್ದಕ್ಕೂ ಅದನ್ನೇ ಮಾಡಿದಳು. ನಮಗೆ ಬಿಸಿರೊಟ್ಟಿ, ಆಕೆಗೆ ನಿನ್ನೆಯದು. ಕೇಳಿದರೆ, "ನನಗ ಇದ ಸೇರತೈತಿ" ಅನ್ನುತ್ತಿದ್ದಳು. ನಾವು ನಂಬಿದೆವು. ನಂಬುವುದು ಅನುಕೂಲವಾಗಿತ್ತು. ನಮ್ಮ ಮನೆಗಳಲ್ಲಿ ತಂಗಳು ಎನ್ನುವುದು ಊಟದ ಹೆಸರಲ್ಲ, ಅದನ್ನು ತಿನ್ನುವವಳ ಜಾಗದ ಹೆಸರು. ಅದಕ್ಕೇ ಅದು ಯಾರೂ ನೋಡದ ಹೊತ್ತಿನಲ್ಲಿ, ನಿಂತುಕೊಂಡು ಮುಗಿಯುತ್ತದೆ.

ಇಟಲಿಯಲ್ಲಿ ಎಲ್ಲ ನೆಟ್ಟಗಿತ್ತೆಂದು ಹಾಡಿಹೊಗಳಲಾರೆ. ಯುದ್ಧದ ವರ್ಷಗಳಲ್ಲಿ ತನ್ನ ತಾಯಿ ಐದು ಜನರಿಗೆ ಎರಡೇ ತತ್ತಿ ಒಡೆದು, ಮಿಕ್ಕದ್ದನ್ನೆಲ್ಲ ಬಟಾಟಿ ಉಳ್ಳಾಗಡ್ಡಿಯಿಂದ ತುಂಬಿಸುತ್ತಿದ್ದಳೆಂದು ಅಜ್ಜಿ ಹೇಳಿದ್ದಳು. ದೊಡ್ಡ ಹೋಳು ಅಪ್ಪನಿಗೆ. ಅಂಚಿನ ಚೂರು ತಾಯಿಗೆ. ಅಲ್ಲಿಯೂ ಅದೇ ಕಥೆ. ಆದರೆ ಒಂದು ಅಂತರವಿತ್ತು: ಉಳಿದದ್ದು ಅಡುಗೆಮನೆಯ ಮೂಲೆಯಿಂದ ಎದ್ದು ಎಲ್ಲರ ನಡುವಿನ ಮೇಜಿಗೆ ಬಂದಿತ್ತು. 2014ರ ಏಪ್ರಿಲ್ 21, ಈಸ್ಟರಿನ ಮರುದಿನದ ಸೋಮವಾರ, ಅಜ್ಜಿಯ ಮಕ್ಕಳು ಮೊಮ್ಮಕ್ಕಳ ಜೊತೆ ನಮ್ಮನ್ನೂ ತೋಟವೊಂದಕ್ಕೆ ಕರೆದೊಯ್ದಿದ್ದರು. ಬುತ್ತಿಯಲ್ಲಿ ಫ್ರಿತ್ತಾತಾ. ಆರಿದ್ದಕ್ಕೇ ರುಚಿ ಹೆಚ್ಚು. ಅಜ್ಜಿ ಅದನ್ನು ಮಧ್ಯದಿಂದ ಎಂಟು ಸಮ ಹೋಳು ಕೊಯ್ದಳು. ತನ್ನದನ್ನು ಮೊದಲು ಎತ್ತಿಕೊಂಡಳು. ನನ್ನ ಅವ್ವ ಎಂದೂ ಮಾಡದ ಕೆಲಸ ಅದು. ನನಗೆ ಒಂದು ಕ್ಷಣ ಗಂಟಲು ಕಟ್ಟಿತು.

ನನ್ನ ವಾದಕ್ಕೆ ಎರಡು ಆಕ್ಷೇಪಣೆ ಬರಬಹುದು. ನಮ್ಮ ಬಿಸಿಲಿನಲ್ಲಿ ಉಳಿದದ್ದು ಕೆಡುತ್ತದೆ ಎಂಬುದು ಒಂದು. ಸರಿಯಾದ ಮಾತು. ರಾತ್ರಿಯಿಡೀ ಹೊರಗಿದ್ದದ್ದನ್ನು, ವಾಸನೆ ತಿರುಗಿದ್ದನ್ನು ತತ್ತಿ ಕೂಡ ಉದ್ಧಾರ ಮಾಡಲಾರದು, ಚೆಲ್ಲಿಬಿಡಿ. ಊಟ ಮುಗಿದೊಡನೆ ಫ್ರಿಜ್ಜಿಗೆ ಹೋದದ್ದು ಮಾತ್ರ ಮರುದಿನಕ್ಕೆ. ಮಾಡಿದ ಫ್ರಿತ್ತಾತಾವನ್ನೂ ನಮ್ಮ ಸೆಕೆಯಲ್ಲಿ ಒಂದೆರಡು ತಾಸಿನೊಳಗೆ ತಿಂದು ಮುಗಿಸಬೇಕು. ಎರಡನೆಯದು, ಇದೂ ಹೆಂಗಸಿಗೆ ಇನ್ನೊಂದು ಕೆಲಸ ಹಚ್ಚಿದಂತಲ್ಲವೇ ಎಂಬುದು. ಇದಕ್ಕೆ ನನ್ನಲ್ಲಿ ಪೂರಾ ಉತ್ತರವಿಲ್ಲ. ಹದಿನೈದು ನಿಮಿಷದ ಕೆಲಸ, ಗಂಡಸರೂ ಕಲಿಯಬಹುದು. ನಮ್ಮ ಯಜಮಾನರು ಎಪ್ಪತ್ತನೆಯ ವಯಸ್ಸಿನಲ್ಲಿ ಕಲಿತರು. ಮೊದಲ ಸಲ ಮಗುಚುವಾಗ ಅರ್ಧ ಒಲೆಯ ಮೇಲೆ ಬಿತ್ತು, ಉಳಿದರ್ಧವನ್ನು ಇಬ್ಬರೂ ಹಂಚಿಕೊಂಡು ತಿಂದೆವು.

ಇಟಾಲಿಯನ್‌ನಲ್ಲಿ ಒಂದು ನುಡಿಗಟ್ಟು ಇದೆ. ಯಾರಾದರೂ ಮಾತನ್ನು ಜಾಣತನದಿಂದ ತಿರುಗಿಸಿ ಸುಳ್ಳನ್ನೇ ಸತ್ಯ ಮಾಡಹೊರಟರೆ, 'ಫ್ರಿತ್ತಾತಾ ಮಗುಚಿದ' ಎನ್ನುತ್ತಾರೆ. ನಮ್ಮ ತರಗತಿಯಲ್ಲಿ ಆದದ್ದು ಅದೇ. ಎರಡು ತತ್ತಿಯಲ್ಲಿ ಐದು ಹೊಟ್ಟೆ ತುಂಬಿಸಿದ ಬಡವರ ಜಾಣತನವನ್ನು ಮಗುಚಿ, ಎಂಟುನೂರು ರೂಪಾಯಿಯ ಯಾದಿ ಮಾಡಿದರು. ನಾನು ಅದನ್ನು ಮತ್ತೆ ಮಗುಚುತ್ತಿದ್ದೇನೆ ಅಷ್ಟೆ.

ಓದುಗ ತಾಯಂದಿರಲ್ಲಿ ಒಂದೇ ವಿನಂತಿ. ಅಂಗಡಿಗೆ ಹೋಗುವ ಮೊದಲು ಫ್ರಿಜ್ಜಿನ ಬಾಗಿಲು ತೆರೆದು ನೋಡಿ. ನಿಮ್ಮ ಪಾಲಿಗೆಂದು ಮುಚ್ಚಿಟ್ಟ ಆ ಸಣ್ಣ ವಾಟಗವನ್ನು ಹೊರಗೆ ತೆಗೆಯಿರಿ. ನಾಲ್ಕು ತತ್ತಿ ಒಡೆಯಿರಿ. ಮನೆಯಲ್ಲಿ ಎಷ್ಟು ಜನರೋ ಅಷ್ಟು ಸಮ ಹೋಳು ಮಾಡಿ, ಎಲ್ಲರನ್ನೂ ಕರೆದು, ನೀವೂ ಜೊತೆಗೆ ಕೂತು ತಿನ್ನಿ. ತರಗತಿಯ ಆ ಹುಡುಗಿಗೂ ಹೇಳಿಕಳಿಸಿದ್ದೇನೆ, ಬರುವ ರವಿವಾರ ನಮ್ಮ ಮನೆಗೆ ಬಾ ಎಂದು. ಶನಿವಾರ ರಾತ್ರಿ ಶಾವಿಗೆ ಸ್ವಲ್ಪ ಹೆಚ್ಚೇ ಮಾಡುತ್ತೇನೆ.