ನಗುವಿನಲ್ಲಿ ಮರೆಯಾಗುವ ಪೆಟ್ಟು

ಕಳೆದ ಅಭ್ಯಾಸ ಬೋಧನೆಯ ಅವಧಿಯಲ್ಲಿ ಎಂಟನೆಯ ತರಗತಿಯ ಪಾಠವೊಂದನ್ನು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸುತ್ತಿದ್ದೆ. ತಪ್ಪು ಉತ್ತರ ಹೇಳಿದ ಹುಡುಗನ ತಲೆಗೆ ಪಕ್ಕದ ಸಾಲಿನ ಹುಡುಗಿ ಸುರುಳಿ ಸುತ್ತಿದ ನೋಟ್‌ಬುಕ್ಕಿನಿಂದ ಬಾರಿಸಿದಳು. ತರಗತಿ ನಕ್ಕಿತು, ಪ್ರಶಿಕ್ಷಣಾರ್ಥಿ ನಕ್ಕರು, ನಾನೂ ನಕ್ಕೆ. ಹುಡುಗನೂ ನಕ್ಕ. ಆದರೆ ಆ ಅವಧಿಯಲ್ಲಿ ಅವನು ಮತ್ತೆ ಕೈ ಎತ್ತಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ಕಪ್ಪುಹಲಗೆಯ ಬಳಕೆ ಕುರಿತು ಬರೆದ ನಾನು ಇದನ್ನು ಬರೆಯಲಿಲ್ಲ.

ಆಮೇಲೆ ಕೇಳಿದಾಗ ಹುಡುಗಿ, "ಅನಿಮೆಯಲ್ಲಿ ಹೀಗೇ ಮಾಡ್ತಾರೆ ಮೇಡಂ, ತಮಾಷೆಗೆ" ಎಂದಳು.

ಅವಳು ಹೇಳಿದ್ದು ನಿಜ. ಜಪಾನಿನ ಮಾನ್‌ಜಾಯ್ ಎಂಬ ಜೋಡಿ ಹಾಸ್ಯದಲ್ಲಿ ಒಬ್ಬ ಪೆದ್ದು ಮಾತಾಡುತ್ತಾನೆ, ಇನ್ನೊಬ್ಬ ಅದನ್ನು ತಿದ್ದುತ್ತಾನೆ. ತಿದ್ದುವಾಗ ಕೆಲವೊಮ್ಮೆ ಹಾರಿಸೆನ್ ಎಂಬ ಮಡಿಕೆ ಕಾಗದದ ಬೀಸಣಿಗೆಯಿಂದ ತಲೆಗೆ ಬಡಿಯುವುದುಂಟು. ಸದ್ದು ದೊಡ್ಡದು, ನೋವು ಕಡಿಮೆ. ಅನಿಮೆ ಮತ್ತು ಲೈಟ್ ನಾವೆಲ್‌ಗಳಲ್ಲಿ ಈ ಪೆಟ್ಟು ಬೆಳೆದಿದೆ. 'ಝೀರೋ ನೋ ತ್ಸುಕಾಯ್ಮಾ'ದಲ್ಲಿ ಅದು ಚಾಟಿ. 'ದೊಕುರೋ-ಚಾನ್'ನಲ್ಲಿ ಮುಳ್ಳಿನ ಗದೆ: ದೇವತೆ ಹುಡುಗನನ್ನು ಬಡಿದು ಕೊಲ್ಲುತ್ತಾಳೆ, ಮಂತ್ರ ಹೇಳಿ ಬದುಕಿಸುತ್ತಾಳೆ. ನಮ್ಮ ಮಕ್ಕಳೂ ನೋಡುವ ಶಿನ್‌ಚಾನ್‌ನ ತಲೆಯ ಬುಗುಟು ಮುಂದಿನ ದೃಶ್ಯದಲ್ಲಿ ಇರುವುದೇ ಇಲ್ಲ.

ಇವನ್ನು ನೋಡಬೇಡಿ ಎನ್ನುವುದು ನನ್ನ ವಾದವಲ್ಲ. ಪೆಟ್ಟು ನಿಜವಲ್ಲವೆಂದು ಮಕ್ಕಳಿಗೆ ಗೊತ್ತು. ನನ್ನ ಆತಂಕ ಬೇರೆ. ಈ ಹಾಸ್ಯದಲ್ಲಿ ಹೊಡೆಯುವವಳು ಹೆಚ್ಚಾಗಿ ಹುಡುಗಿ, ತಿನ್ನುವವನು ಹುಡುಗ. ಅದನ್ನು ತಿರುವು ಮುರುವು ಮಾಡಿದರೆ ನಗು ನಿಲ್ಲುತ್ತದೆ. ಅಂದರೆ, ಹುಡುಗನಿಗೆ ನೋವಾಗುವುದಿಲ್ಲ ಎಂಬ ನಂಬಿಕೆಯ ಮೇಲೆ ಆ ನಗು ನಿಂತಿದೆ. ತರಗತಿಯ ಹುಡುಗನಿಗೆ ನೋವೂ ಆಗುತ್ತದೆ, ಅವಮಾನವೂ ಆಗುತ್ತದೆ. ಎಲ್ಲರೂ ನಗುತ್ತಿರುವಾಗ ಅದನ್ನು ಹೇಳಿಕೊಳ್ಳಲು ಅವನಿಗೆ ದಾರಿ ಇರುವುದಿಲ್ಲ.

ಜಪಾನಿನಲ್ಲೇ 1947ರ ಶಾಲಾ ಶಿಕ್ಷಣ ಕಾನೂನು ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. 2020ರ ಏಪ್ರಿಲ್‌ನಿಂದ ಹೆತ್ತವರಿಗೂ ಆ ನಿಷೇಧವಿದೆ. ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆ 2009ರ ಸೆಕ್ಷನ್ 17 ಇದೆ. ಆದರೆ ಆ ಸೆಕ್ಷನ್ನನ್ನು ಓದುವಾಗ ನಾವು ಶಿಕ್ಷಕರ ಕೈಯನ್ನಷ್ಟೇ ನೆನೆಯುತ್ತೇವೆ. ನಮ್ಮೆದುರು ಮಗುವೊಂದು ಇನ್ನೊಂದಕ್ಕೆ ಹೊಡೆದಾಗ ನಾವು ನಕ್ಕರೆ, ತಪ್ಪು ಉತ್ತರಕ್ಕೆ ಪೆಟ್ಟೇ ಪ್ರತಿಫಲ ಎಂಬುದಕ್ಕೆ ಒಪ್ಪಿಗೆ ಕೊಟ್ಟಂತೆ.

ಗದರುವುದರ ಬದಲು ಆ ಕಥೆಗಳನ್ನೇ ಚರ್ಚೆಗೆ ತರಬಹುದು. 'ತೊರಾದೋರಾ'ದಲ್ಲಿ ತಾಯ್ಗಾ ಮರದ ಕತ್ತಿ ಹಿಡಿದು ರಾತ್ರಿ ರ್ಯೂಜಿಯ ಮನೆಗೆ ನುಗ್ಗುತ್ತಾಳೆ, ಹಸಿವಿನಿಂದ ಕುಸಿಯುತ್ತಾಳೆ. ಅವನು ಅನ್ನ ಹುರಿದು ಬಡಿಸುತ್ತಾನೆ. ಹೆತ್ತವರ ಆಸರೆಯಿಲ್ಲದ ಅವಳ ಒಂಟಿತನ ಮುಂದೆ ತಿಳಿಯುತ್ತದೆ. ಅಲ್ಲಿ ಪೆಟ್ಟಿನ ಹಿಂದಿನ ನೋವನ್ನು ಕಥೆ ಮರೆಯುವುದಿಲ್ಲ. "ಬುಗುಟು ಮುಂದಿನ ದೃಶ್ಯದಲ್ಲೂ ಉಳಿದಿದ್ದರೆ ನಗು ಬರುತ್ತಿತ್ತೇ?" ಎಂದು ಕೇಳಿ ನೋಡಿ. ಮಕ್ಕಳು ಯೋಚಿಸುತ್ತಾರೆ.

ತಪ್ಪು ಉತ್ತರವನ್ನು ತಿದ್ದುವುದು ನಮ್ಮ ಕೆಲಸ, ಅದನ್ನು ನೋಟ್‌ಬುಕ್ಕಿನ ಸುರುಳಿಗೆ ಬಿಟ್ಟುಕೊಡಬಾರದು. ಮುಂದಿನ ವೀಕ್ಷಣೆಯಲ್ಲಿ ನಾನು ಕಪ್ಪುಹಲಗೆಗಿಂತ ಮೊದಲು ಒಂದು ವಿಷಯ ಬರೆಯುತ್ತೇನೆ: ತಪ್ಪು ಉತ್ತರ ಹೇಳಿದ ಮಗು ಮತ್ತೆ ಕೈ ಎತ್ತಿತೇ?